ಕೆಂಪು ಬಟ್ಟೆ ಕಟ್ಟಿದ ಈಚಲು

ಈಚಲುಗಳಿಗೆ ಗುರುತಿಗೆಂದು ನಾವು ಕಟ್ಟಿದ ಅಲ್ಯೂಮಿನಿಯಂ ಬಿಲ್ಲೆಗಳು ಮೊದಲ ತಿಂಗಳಲ್ಲೇ ಗುಜರಿ ಸೇರಿದವು. ಭದ್ರಾವತಿ ಹೇಳಿ ಕೇಳಿ ಕಬ್ಬಿಣದ ಊರು. ಗಿಡದ ಮೇಲೆ ಲೋಹ ಸುಮ್ಮನೆ ನೇತಾಡುವುದನ್ನು ಆ ಊರು ಸಹಿಸುವುದಿಲ್ಲ. ಆಮೇಲೆ ಹಳದಿ ಬಣ್ಣ ಬಳಿದೆವು. ಈಚಲಿನ ಬುಡ ಒರಟು, ಮೊದಲ ಜೋರು ಮಳೆಗೇ ಬಣ್ಣ ಎದ್ದು ಉದುರಿತು. ಪ್ಲಾಸ್ಟಿಕ್ ಪಟ್ಟಿ ಕಟ್ಟಿದೆವು. ಮುಸಿಯ ಮಂಗಗಳು ಕಿತ್ತು ಆಟವಾಡಿದವು. ಕೊನೆಗೆ ಸಿಟ್ಟು ಬಂದು ನಾನೇ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಕೆಂಪು ಬಟ್ಟೆ, ಬಿಳಿ ಬಟ್ಟೆ ಎರಡನ್ನೂ ಥಾನುಗಟ್ಟಲೆ ತಂದೆ. ರವೀಂದ್ರನಗರದ ಮನೆಯ ಹಾಲ್‌ನಲ್ಲಿ ಕೂತು ಪಟ್ಟಿ ಪಟ್ಟಿಯಾಗಿ ಹರಿದೆ. ಗಟ್ಟಿ ಕಾಟನ್ನು, ದೂರಕ್ಕೂ ಕಾಣುತ್ತದೆ, ಎರಡು ಗಂಟು ಹಾಕಿದರೆ ಮುಸಿಯಕ್ಕೂ ಬಿಚ್ಚಲು ಬರುವುದಿಲ್ಲ. ಇದು ಮೊದಲೇ ಹೊಳೆಯಬಾರದಿತ್ತೇ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕೆಲಸ ಏನೆಂದರೆ, ಭದ್ರಾವತಿಯಿಂದ ಆಚೆಗಿರುವ ಒಂದು ಗುಡ್ಡವನ್ನು ಮುಂದಿನ ವರ್ಷಗಳಲ್ಲಿ ಹೇಗೆ ನೋಡಿಕೊಳ್ಳಬೇಕು ಎಂದು ಅರಣ್ಯದವರು ಒಂದು ಯೋಜನೆ ಬರೆಯುತ್ತಿದ್ದರು. ಗುಡ್ಡದ ಹೆಸರು ಹೇಳುವುದಿಲ್ಲ. ಹೇಳಿದರೆ ಭಾನುವಾರ ಬೈಕುಗಳು ಬರುತ್ತವೆ. ಅಂಥ ಎತ್ತರದ್ದೇನಲ್ಲ. ಮೇಲೆ ಹುಲ್ಲು, ಮಡಿಕೆಗಳಲ್ಲಿ ಸ್ವಲ್ಪ ಕಾಡು, ಉಳಿದ ಇಳಿಜಾರಿನ ತುಂಬ ಮೊಣಕಾಲೆತ್ತರದ, ಸೊಂಟದೆತ್ತರದ ಗುಡ್ಡದ ಈಚಲು. ಕಲ್ಲುಮಣ್ಣಿನ ಆ ಇಳಿಜಾರನ್ನು ಹಿಡಿದಿಟ್ಟುಕೊಂಡಿರುವುದು ಅದರ ಬೇರೇ. ಅದು ಹೋದರೆ ಮಣ್ಣು ಕೆಳಗಿನ ಕೆರೆಗೆ ಬರುತ್ತದೆ, ಗುಡ್ಡದ ಒರತೆಯೂ ಬತ್ತುತ್ತದೆ.

ಆ ಈಚಲಿನ ಗರಿಯಿಂದಲೇ ಪೊರಕೆ ಆಗುವುದು. ಕಾರ್ಖಾನೆಯ ಕೆಲಸಕ್ಕೆಂದು ಹಿಂದೆ ತಮಿಳು ಸೀಮೆಯಿಂದ ಬಂದು ಭದ್ರಾವತಿಯಲ್ಲೇ ನಿಂತ ಕುಟುಂಬಗಳ ಕೆಲವು ಹೆಂಗಸರು, ಕಾರ್ಖಾನೆಯ ಕೆಲಸ ಕಡಿಮೆಯಾದ ಮೇಲೆ ಗುಡ್ಡ ಹತ್ತತೊಡಗಿದ್ದರು. ದೀಪಾವಳಿ ಕಳೆದು ಇಬ್ಬನಿ ಬಿದ್ದ ಮೇಲೆ ಶಿವರಾತ್ರಿಯವರೆಗೆ ಗರಿ ಕೊಯ್ಯುತ್ತಾರೆ, ಒಣಗಿಸಿ, ಸೀಳಿ, ಪೊರಕೆ ಕಟ್ಟಿ ಮಾರುತ್ತಾರೆ. ಇವರನ್ನು ಬಿಡಬೇಕೋ ತಡೆಯಬೇಕೋ ಎನ್ನುವುದು ಪ್ರಶ್ನೆ. ಕೊಯ್ಲಿನಿಂದ ಈಚಲು ಸಾಯುತ್ತಿದೆಯೇ ಇಲ್ಲವೇ ಎಂದು ನೋಡಿ ಹೇಳಬೇಕಾದವಳು ನಾನು. ನಮ್ಮ ವರದಿಯ ಮೇಲೆ ಗುಡ್ಡದ ಬಾಗಿಲು ತೆಗೆಯುತ್ತದೆ, ಇಲ್ಲವೇ ಮುಚ್ಚುತ್ತದೆ.

ಆ ಹೆಂಗಸರಲ್ಲಿ ಹಿರಿಯಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ತೀರಿಕೊಂಡಿದ್ದ. ಮಗಳು ಮದುವೆಯಾಗಿ ಸೇಲಂ ಕಡೆ ಇದ್ದಳು. ಬಲಗಾಲಿನ ಮೊಣಕಾಲು ಊದಿಕೊಂಡೇ ಇರುತ್ತಿತ್ತು. ಬಾಯಿ ಮಾತ್ರ ಬಹಳ ಚುರುಕು.

"ಏನ್ ಮೇಡಂ, ಈಚಲಿಗೆ ಜ್ವರ ನೋಡ್ತೀರಾ?" ಎಂದು ಮೊದಲ ದಿನವೇ ಕೇಳಿದ್ದಳು, ನಾನು ಬುಡಕ್ಕೆ ಟೇಪು ಸುತ್ತುತ್ತಿದ್ದಾಗ.

"ಜ್ವರ ಅಲ್ಲ ಅಕ್ಕ, ಸೊಂಟದ ಅಳತೆ."

"ಹಂಗಾದ್ರೆ ನನ್ನನ್ನೂ ಅಳೀರಿ. ಗುಡ್ಡ ಹತ್ತಿ ಹತ್ತಿ ಎಷ್ಟು ಕರಗಿದೀನಿ ಗೊತ್ತಾಗ್ಲಿ!"

ಹೆಂಗಸರನ್ನೆಲ್ಲ ಗುಡ್ಡದ ಬುಡದಲ್ಲಿ ಕೂರಿಸಿಕೊಂಡು ವಿವರಿಸಿದೆ. ಬಿಳಿ ಬಟ್ಟೆ ಕಟ್ಟಿದ ಈಚಲನ್ನು ಈ ಸಲ ಮುಟ್ಟಬೇಡಿ. ಕೆಂಪು ಬಟ್ಟೆ ಕಟ್ಟಿದ್ದನ್ನು ಪ್ರತಿ ವರ್ಷ ಹೇಗೆ ಕೊಯ್ಯುತ್ತೀರೋ ಹಾಗೇ ಕೊಯ್ಯಿರಿ. ಸುಗ್ಗಿ ಮುಗಿದ ಮೇಲೆ ಎರಡನ್ನೂ ಹೋಲಿಸುತ್ತೇವೆ. ಎಲ್ಲರೂ ತಲೆಯಾಡಿಸಿದರು. ಅಕ್ಕನೂ ತಲೆಯಾಡಿಸಿದಳು. ನನ್ನ ಜೊತೆಗಿದ್ದ ಅರಣ್ಯದ ಗಾರ್ಡು, ಹೊಳಲೂರು ಕಡೆಯವನು, ಅವನೂ ತಲೆಯಾಡಿಸಿದ. ಇಷ್ಟು ಸಲೀಸಾಗಿ ಜನ ಒಪ್ಪಿದರೆ ಒಂದು ಗಳಿಗೆ ನಿಂತು ಯೋಚಿಸಬೇಕು ಎಂಬುದು ನನಗೆ ಈಗ ಗೊತ್ತು.

ಸುಗ್ಗಿ ಮುಗಿಯಿತು. ನಾವು ಗುಡ್ಡದ ಬುಡದಿಂದ ನೆತ್ತಿಯವರೆಗೆ ಬಟ್ಟೆ ಕಟ್ಟಿದ ಒಂದೊಂದೇ ಈಚಲನ್ನು ಅಳೆದೆವು. ಎಷ್ಟು ಗರಿ, ನಡುಗರಿಯ ಉದ್ದ, ಸುಳಿ ಹಸಿರಿದೆಯೇ, ಬುಡದಿಂದ ಹೊಸ ಕಂದು, ಅಂದರೆ ಮರಿಗಿಡ, ಎದ್ದಿದೆಯೇ. ಕೊಯ್ದ ಗುರುತನ್ನು ಬೇರೆಯಾಗಿ ಬರೆದುಕೊಳ್ಳಲಿಲ್ಲ. ಹಿಂದಿನ ವರ್ಷಗಳಲ್ಲಿ ಕೊಯ್ದ ತೊಟ್ಟುಗಳು ಒಣಗಿ ಬುಡದ ಸುತ್ತ ಮುಳ್ಳಿನ ಹಾಗೆ ನಿಂತೇ ಇರುತ್ತವೆ, ಹೊಸದು ಯಾವುದು ಹಳೆಯದು ಯಾವುದು ಹೇಳುವುದು ಕಷ್ಟ. ಕೆಂಪು ಎಂದರೆ ಕೊಯ್ದದ್ದು, ಬಿಳಿ ಎಂದರೆ ಬಿಟ್ಟದ್ದು, ಅಷ್ಟು ಸಾಕು ಎಂದುಕೊಂಡೆವು.

ಶಿವಮೊಗ್ಗದ ನಮ್ಮ ಕಚೇರಿಯಲ್ಲಿ ಲೆಕ್ಕ ನೋಡುವ ಸಹೋದ್ಯೋಗಿ ಒಬ್ಬನಿದ್ದಾನೆ. ಅಂಕಿಗಳನ್ನು ಕೂಡಿಸಿ ಕಳೆದು, ಕುರ್ಚಿ ತಿರುಗಿಸಿ, "ವ್ಯತ್ಯಾಸವೇ ಇಲ್ಲ ಮಾರಾಯ್ತಿ!" ಎಂದ. "ಕೊಯ್ದದ್ದೂ ಒಂದೇ, ಬಿಟ್ಟದ್ದೂ ಒಂದೇ. ಕೊಯ್ದ್ರೆ ಈಚಲಿಗೆ ಏನೂ ಆಗಲ್ಲ."

ಎಷ್ಟು ಖುಷಿಯಾಯಿತೆಂದರೆ, ಅವತ್ತೇ ಸ್ಕೂಟರ್ ಹತ್ತಿ ಮಲವಗೊಪ್ಪ ದಾಟಿ ಭದ್ರಾವತಿಗೆ ಹೋಗಿ ಅಕ್ಕನಿಗೆ ಹೇಳಿಬಿಟ್ಟೆ. ಅವಳು ಸೀಳುತ್ತಿದ್ದ ಗರಿಯನ್ನು ಕೆಳಗಿಟ್ಟು ಎರಡೂ ಕೈ ಎತ್ತಿ ಮುಗಿದಳು. "ಮೇಡಂ, ನನಗೆ ಬೇರೆ ಏನಿದೆ ಹೇಳಿ. ಗಾರೆ ಕೆಲಸಕ್ಕೆ ಈ ಕಾಲು ಆಗಲ್ಲ. ಮನೆಗೆಲಸಕ್ಕೆ ಮೇಲಂತಸ್ತು ಹತ್ತೋಕಾಗಲ್ಲ. ಇದೊಂದೇ." ಬಲವಂತ ಮಾಡಿ ಕಾಫಿ ಕುಡಿಸಿದಳು. ನಾನು ಸಂತೋಷವಾಗಿ ಕುಡಿದು ಬಂದೆ.

ವರದಿಗೆ ಹಾಕಲು ಕೆಲವು ಫೋಟೋ ಬೇಕಿತ್ತು. ಅದಕ್ಕೆಂದು ಇನ್ನೊಂದು ಸಲ ಗುಡ್ಡಕ್ಕೆ ಹೋದೆ. ಕೆಳಗಿನ ಇಳಿಜಾರಿನಲ್ಲಿ, ಕೆಂಪು ಬಟ್ಟೆ ಕಟ್ಟಿದ ಒಂದು ಈಚಲಿನ ಬುಡದಲ್ಲಿ ಅರಿಶಿನ ಬಳಿದ ಕಲ್ಲು, ಕೊಯ್ದು ಕುಂಕುಮ ಹಚ್ಚಿದ ನಿಂಬೆಹಣ್ಣು. ಇನ್ನೊಂದರ ಮುಂದೆ ಒಡೆದ ತೆಂಗಿನಕಾಯಿಯ ಚಿಪ್ಪು. ಮತ್ತೊಂದಕ್ಕೆ ಯಾರೋ ನಾಲ್ಕು ಹಸಿರು ಬಳೆ ಸಿಕ್ಕಿಸಿದ್ದರು. ಅವು ಯಾವುವೂ ಅಳತೆ ಮಾಡುವಾಗ ಇರಲಿಲ್ಲ. 

"ಇದೇನ್ರೀ ಇದು?" ಎಂದೆ ಗಾರ್ಡಿಗೆ.

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಮಾಸೆ ಆಗಿತ್ತಲ್ಲ ಮೇಡಂ. ಚೌಡಿಗೆ ಮಾಡಿರ್ತಾರೆ. ಕೆಂಪು ಬಟ್ಟೆ ಕಟ್ಟಿದ್ಮೇಲೆ ಅಮ್ಮ ಕೂತಂಗೇ ಅಲ್ವಾ."

"ಕಟ್ಟಿದ್ದು ನಾನು ಕಣ್ರೀ! ನೀವೂ ಜೊತೆಗಿದ್ರಿ!"

"ಹೌದು. ಅದಕ್ಕೇ ನಾನು ನಿಮ್ಮನ್ನ ಮಡಿಯಲ್ಲಿದೀರಾ ಅಂತ ಕೇಳ್ಬೇಕು ಅಂತಿದ್ದೆ. ಕೇಳೋಕೆ ಧೈರ್ಯ ಆಗ್ಲಿಲ್ಲ."

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆ. ಕೆಂಪು ಬಟ್ಟೆಯ ಈಚಲನ್ನು ಈ ಸಲ ಕೊಯ್ದಿರೋ ಇಲ್ಲವೋ ಎಂದು ಕೇಳಿದೆ. ಅವಳು ಕೆನ್ನೆ ಕೆನ್ನೆ ತಟ್ಟಿಕೊಂಡಳು.

"ಅಯ್ಯಯ್ಯೋ ಮುನೀಶ್ವರಾ! ಕೆಂಪು ಕಟ್ಟಿದ್ದಕ್ಕೆ ಕತ್ತಿ ಹಾಕ್ತಾರಾ ಯಾರಾದ್ರೂ? ಒಬ್ರೂ ಮುಟ್ಟಿಲ್ಲ ಮೇಡಂ."

"ನಾನು ಕೊಯ್ಯಿರಿ ಅಂದಿದ್ದೆನಲ್ಲ ಅಕ್ಕ. ತಲೆ ಆಡ್ಸಿದ್ರಿ."

"ನೀವು ಅಷ್ಟು ದೂರದಿಂದ ಬಂದು ಹೇಳ್ತಿದ್ರಿ, ಇಲ್ಲ ಅನ್ನೋಕಾಗುತ್ತಾ? ಕೊಯ್ಯಿರಿ ಅನ್ನೋದು ನೀವು, ಕಣ್ಣು ಹೋಗೋದು ನಮ್ದು. ಬಿಳಿ ಬೇಡ ಅಂದ್ರಿ, ಬಿಟ್ವಿ. ಕೆಂಪಿಗೆ ದೇವರಿತ್ತು, ಬಿಟ್ವಿ. ಬಟ್ಟೆ ಇಲ್ದೇ ಇರೋದನ್ನ ಕೊಯ್ದ್ವಿ. ತಪ್ಪಾಯ್ತಾ?"

ತಪ್ಪಾದದ್ದು ಅವರದಲ್ಲ. ಚೌಡಿಯೂ ಮುನೀಶ್ವರನೂ ಸೇರಿ ನನ್ನ ಪ್ರಯೋಗವನ್ನು ಅಚ್ಚುಕಟ್ಟಾಗಿ ಕಾದಿದ್ದರು. ಕೆಂಪೂ ಕೊಯ್ದಿಲ್ಲ, ಬಿಳಿಯೂ ಕೊಯ್ದಿಲ್ಲ. ಕೊಯ್ಯದ ಈಚಲನ್ನು ಕೊಯ್ಯದ ಈಚಲಿನ ಜೊತೆ ಹೋಲಿಸಿ ವ್ಯತ್ಯಾಸ ಇಲ್ಲ ಎಂದು ನಾನು ಊರಿಗೆಲ್ಲ ಸುದ್ದಿ ಹಂಚಿದ್ದೆ. ಸ್ಕೂಟರಿನಲ್ಲಿ ವಾಪಸು ಬರುವಾಗ ನಗು ಬಂತು, ಆಮೇಲೆ ಅಳು ಬಂತು.

ಸಹೋದ್ಯೋಗಿಗೆ ಹೇಳಿದೆ. ಅವನು ಅಂಕಿಗಳ ಹಾಳೆಯನ್ನು ಮತ್ತೆ ತೆರೆದು ಮೇಲಿಂದ ಕೆಳಗೆ ಓದಿದ. ಆಮೇಲೆ ಮೆಲ್ಲಗೆ, "ಅಂಕಿ ಸುಳ್ಳಲ್ಲ ಮಾರಾಯ್ತಿ," ಎಂದ. "ನೀನು ಕಂಡದ್ದನ್ನೇ ಬರೆದಿದೀಯ. ಹೀಗೇ ಕಳಿಸಿಬಿಟ್ರೆ ಆ ಹೆಂಗಸರಿಗೆ ಒಳ್ಳೇದೇ ಆಗತ್ತಲ್ಲ. ಯಾರಿಗೇನು ನಷ್ಟ?"

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಭದ್ರಾವತಿಯಿಂದ ಶಿವಮೊಗ್ಗದವರೆಗೆ ನಾನೂ ಅದನ್ನೇ ಯೋಚಿಸಿಕೊಂಡು ಬಂದಿದ್ದೆ. ನಿಜವಾಗಿ ಆಸೆಯಾಗಿತ್ತು. ಅಕ್ಕ ಕೈ ಮುಗಿದದ್ದು ಕಣ್ಣ ಮುಂದಿತ್ತು. ಆದರೆ ಗುಡ್ಡ ನಮ್ಮ ವರದಿ ಓದಿಕೊಂಡು ಬೆಳೆಯುವುದಿಲ್ಲ. ಕೊಯ್ಲಿನಿಂದ ಈಚಲು ನಿಜವಾಗಿಯೂ ಸಾಯುತ್ತಿದ್ದರೆ ಕೆಲವು ವರ್ಷಗಳಲ್ಲಿ ಗರಿಯೂ ಇಲ್ಲ, ಮಣ್ಣೂ ಇಲ್ಲ. ಆಗ ಅಕ್ಕನ ಕೈಗೆ ನಾನು ಏನು ಕೊಡಲಿ? ಸಾಯುತ್ತಿಲ್ಲವೆಂದಾದರೆ ಅದನ್ನಾದರೂ ಸರಿಯಾಗಿ ನೋಡಿಯೇ ಹೇಳಬೇಕು. ಯೋಜನೆ ಗೊತ್ತುಮಾಡಲು ಅರಣ್ಯದವರು ಕರೆದಿದ್ದ ಸಭೆಯ ದಿನ ಹತ್ತಿರ ಬಂದಿತ್ತು. ಮತ್ತೊಂದು ಸುಗ್ಗಿಗೆ ಕಾಯುವ ಹಾಗಿರಲಿಲ್ಲ.

ಮಾರನೆಯ ದಿನ ಇಬ್ಬರೂ ಕೂತು ದಾರಿ ಹುಡುಕಿದೆವು. ಕೊಯ್ಯದ ಈಚಲು ನಮ್ಮಲ್ಲಿ ಬೇಕಾದಷ್ಟಿತ್ತು. ಕೊಯ್ದ ಈಚಲು ಎಂದರೆ ಬಟ್ಟೆ ಇಲ್ಲದ್ದು, ಅದೂ ಪಕ್ಕದಲ್ಲೇ ಇತ್ತು. ಬಟ್ಟೆ ಕಟ್ಟಿದ ಪ್ರತಿ ಈಚಲಿಗೂ ಅದೇ ಮಟ್ಟದಲ್ಲಿ, ಅದೇ ದಪ್ಪದ, ಈ ವರ್ಷ ಕೊಯ್ದ ನೆರೆಯದೊಂದನ್ನು ಜೋಡಿ ಮಾಡಿ ಅಳೆಯುವುದು. ನೆರೆಯದು ಈ ವರ್ಷವೇ ಕೊಯ್ದದ್ದು ಎಂದು ಖಚಿತ ಮಾಡಬೇಕಾದರೆ ಕೊಯ್ದವರೇ ತೋರಿಸಬೇಕು. ಹೆಂಗಸರನ್ನು ಕೇಳಿಕೊಂಡೆ. ಈ ಸಲ ತಲೆಯಾಡಿಸಿದ್ದನ್ನು ನಂಬಲಿಲ್ಲ. ಒಬ್ಬೊಬ್ಬರನ್ನೂ ಕರೆದುಕೊಂಡು ಹೋಗಿ, ಇದೇ ಹೌದಾ, ನೀವೇ ಕೊಯ್ದದ್ದಾ ಎಂದು ಕೇಳಿದೆ. ಮೇಲಿನ ಇಳಿಜಾರನ್ನು ಕಿರಿಯ ಹೆಂಗಸರು ತೋರಿಸಿದರು. ಕೆಳಗಿನದನ್ನೆಲ್ಲ ತೋರಿಸಿದವಳು ಅಕ್ಕ. ಒಂದು ಕೋಲು ಹಿಡಿದು, ಕಾಲೆಳೆದುಕೊಂಡು, "ಇದು ನಂದು, ಅದೂ ನಂದು, ಅಗೋ ಆ ಕಲ್ಲಿನ ಹತ್ರ ಇರೋದೂ ನಂದೇ" ಎಂದು ಉತ್ಸಾಹದಿಂದ ತೋರಿಸಿದಳು. ಸರಿಯಾಗಿ ತೋರಿಸಿದಷ್ಟೂ ತನಗೆ ಒಳ್ಳೆಯದಾಗುತ್ತದೆ ಎಂದು ಅವಳು ನಂಬಿದ್ದಳು. ಬೇಗ ಬೇಗ ಬರೆದುಕೊಳ್ಳಿ ಎಂದು ನನ್ನನ್ನೇ ಅವಸರಪಡಿಸಿದಳು.

ಜೋಡಿ ಜೋಡಿಯಾಗಿ ಅಳೆಯುತ್ತಾ ಹೋದೆವು. ಮೇಲಿನ ಅರ್ಧ ಗುಡ್ಡದಲ್ಲಿ ಕೊಯ್ದದ್ದಕ್ಕೂ ಬಿಟ್ಟದ್ದಕ್ಕೂ ಹೇಳುವಂಥ ಭೇದವಿರಲಿಲ್ಲ. ಅಷ್ಟು ದೂರ ಹತ್ತುವವರು ಕಡಿಮೆ, ಹತ್ತಿದವರೂ ಹೊರುವಷ್ಟು ಮಾತ್ರ ಕೊಯ್ಯುತ್ತಾರೆ. ಅಲ್ಲಿ ಕೊಯ್ಯದೆ ಬಿಟ್ಟದ್ದರ ಸುತ್ತಲೇ ಒಣಗರಿ ಜೋತುಬಿದ್ದು, ಬೆಂಕಿ ಬಿದ್ದರೆ ಭಗ್ಗನೆ ಹತ್ತಿಕೊಳ್ಳುವಂತಿತ್ತು. ಕೆಳಗಿನ ಕಥೆಯೇ ಬೇರೆ. ದಾರಿಗೆ ಹತ್ತಿರವೆಂದು ವರ್ಷ ವರ್ಷವೂ, ಒಂದೇ ವರ್ಷದಲ್ಲಿ ಮೂರು ನಾಲ್ಕು ಸಲವೂ ಕತ್ತಿ ಬಿದ್ದ ಈಚಲುಗಳು. ಗರಿ ಗಿಡ್ಡ. ಕೆಲವಕ್ಕೆ ಸುಳಿಯೇ ಕೊಳೆತಿತ್ತು. ಬುಡದ ಸುತ್ತಲಿನ ಮಣ್ಣು ಕೊಚ್ಚಿಹೋಗಿ ಬೇರು ಹೊರಗೆ ಬಂದಿತ್ತು. ಅವುಗಳ ಪಕ್ಕದಲ್ಲೇ ದೇವರ ಹೆಸರಿನಲ್ಲಿ ಒಂದೇ ಒಂದು ಸುಗ್ಗಿ ಉಳಿದುಕೊಂಡ ಈಚಲುಗಳಲ್ಲಿ ಹೊಸ ಗರಿ ತೆರೆದಿತ್ತು, ಹಲವಕ್ಕೆ ಬುಡದಲ್ಲಿ ಕಂದು ಕೂಡ ಎದ್ದಿತ್ತು. ಇದಕ್ಕೆ ಲೆಕ್ಕದವನ ಅಗತ್ಯವೇ ಇರಲಿಲ್ಲ. ನಿಂತು ನೋಡಿದರೆ ಕಾಣುತ್ತಿತ್ತು. ಆದರೂ ಅವನು ಲೆಕ್ಕ ಹಾಕಿದ, ಹೌದು ಎಂದ.

ಅಂದರೆ ಕೆಳಗಿನ ಇಳಿಜಾರಿಗೆ ವಿಶ್ರಾಂತಿ ಬೇಕು. ಕೆಳಗಿನ ಇಳಿಜಾರು ಎಂದರೆ ಅಕ್ಕ.

ಸಭೆಯಲ್ಲಿ ಎಲ್ಲರ ಎದುರು ಅವಳಿಗೆ ಇದು ಗೊತ್ತಾಗಬಾರದು ಎನಿಸಿತು. ಹಿಂದಿನ ದಿನವೇ ಅವಳ ಮನೆಗೆ ಹೋದೆ. ಬಾಗಿಲ ಮುಂದೆ ಕಾಲು ಚಾಚಿ ಕೂತು ಪೊರಕೆಗೆ ಹುರಿ ಸುತ್ತುತ್ತಿದ್ದಳು. ಸುತ್ತಿ ಬಳಸಿ ಹೇಳಲು ಹೊರಟವಳು ಕೊನೆಗೆ ನೇರವಾಗಿಯೇ ಹೇಳಿದೆ. ಕೆಳಗೆ ಎರಡು ವರ್ಷ ಕೊಯ್ಯಬಾರದು, ಮೇಲೆ ಕೊಯ್ಯಬಹುದು ಎಂದು ಬರೆಯುತ್ತಿದ್ದೇನೆ.

ಹುರಿ ಸುತ್ತುವುದು ನಿಂತಿತು. "ಮೇಲೆ ಅಂದ್ರೆ ಎಲ್ಲಿ?"

"ಒರತೆಯಿಂದ ಮೇಲೆ."

"ಒರತೆ ನಾನು ನೋಡಿ ಎಷ್ಟು ವರ್ಷ ಆಯ್ತು ಗೊತ್ತಾ ನಿಮಗೆ?" ಎಂದಳು. ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ಅವತ್ತು ಬಂದು ಏನೂ ಆಗಲ್ಲ ಅಂದ್ರಿ. ಕಾಫಿ ಕುಡಿದ್ರಿ. ಆಮೇಲೆ ತೋರ್ಸಿ ಅಂದ್ರಿ. ನಾನು ಪೆದ್ದಿ, ಇದು ನಂದು ಅದು ನಂದು ಅಂತ ಒಂದೂ ಬಿಡದಂಗೆ ತೋರಿಸ್ದೆ. ನಾನೇ ತೋರ್ಸಿದ್ದನ್ನ ನನ್ನ ಮೇಲೇ ಬರೆದ್ರಿ."

"ಅಕ್ಕ, ಹೀಗೇ ಕೊಯ್ದ್ರೆ ಅದು ಪೂರ್ತಿ ಸಾಯುತ್ತೆ. ಆಮೇಲೆ ಯಾರಿಗೂ ಇಲ್ಲ."

"ಸಾಯ್ಲಿ. ನಾನೂ ಅದೂ ಒಟ್ಟಿಗೇ ಹೋಗ್ತೀವಿ. ನಿಮಗೇನು ಕಷ್ಟ?" ಹುರಿಯನ್ನು ಹಲ್ಲಿನಿಂದ ಕಡಿದಳು. "ಹೋಗಿ ಮೇಡಂ. ಹೊತ್ತಾಯ್ತು."

ಕೂತುಕೊಳ್ಳಿ ಎಂದೂ ಹೇಳದೆ ಕಳಿಸಿದ ಮನೆ ನನ್ನ ಕೆಲಸದಲ್ಲಿ ಅದೊಂದೇ. ಸ್ಕೂಟರ್ ಹತ್ತಿ ಹೊರಟೆ. ಸಿಟ್ಟು ಬಂದಿತ್ತು, ಅವಳ ಮೇಲಲ್ಲ, ಯಾರ ಮೇಲೆಂದು ಗೊತ್ತಾಗಲಿಲ್ಲ.

ಸಭೆಗೆ ಹೆಂಗಸರೆಲ್ಲ ಬಂದಿದ್ದರು, ಅಕ್ಕನೂ ಬಂದಿದ್ದಳು, ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ನಾನು ಕೆಂಪು ಬಟ್ಟೆಯ ಪ್ರಸಂಗವನ್ನು ಮುಚ್ಚಿಡದೆ ಹೇಳಿದೆ. ನಗು ಎದ್ದಿತು, ಏಳಲಿ ಬಿಡಿ ಎಂದುಕೊಂಡೆ. ಆಮೇಲೆ ಕೆಳಗಿನ ಇಳಿಜಾರಿನ ಸ್ಥಿತಿ ಹೇಳಿದೆ. ರೇಂಜಿನ ಅಧಿಕಾರಿ ಮೇಜು ತಟ್ಟಿ, "ಹಾಗಾದ್ರೆ ಪೂರ್ತಿ ಗುಡ್ಡ ಮುಚ್ಚೋಣ ಮೇಡಂ," ಎಂದರು. "ಅರ್ಧ ತೆಗೆದು ಅರ್ಧ ಮುಚ್ಚಿದ್ರೆ ಕಾಯೋರು ಯಾರು? ಇರೋನು ಒಬ್ಬ ಗಾರ್ಡು."

ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ಪೂರ್ತಿ ಮುಚ್ಚಿದರೆ ಹೆಂಗಸರು ಬರುವುದನ್ನು ಬಿಡುವುದಿಲ್ಲ, ಕತ್ತಲಲ್ಲಿ ಬರುತ್ತಾರೆ, ಅವಸರದಲ್ಲಿ ಸುಳಿಯನ್ನೂ ಸೇರಿಸಿ ಕೊಯ್ಯುತ್ತಾರೆ ಎಂದೆ. ಮೇಲಿನ ಈಚಲಿಗೆ ಕೊಯ್ಲಿನಿಂದ ಹಾನಿ ನಾವು ಕಂಡಿಲ್ಲ. ಕೊಯ್ಯದಿದ್ದರೆ ಒಣಗರಿ ಸೇರಿ ಬೆಂಕಿಯ ಭಯ ಹೆಚ್ಚು. ಕೆಳಗೆ ಒಂದು ಸುಗ್ಗಿ ಬಿಟ್ಟದ್ದಕ್ಕೇ ಈಚಲು ಚೇತರಿಸಿಕೊಂಡಿದೆ. ಮುಚ್ಚಿ ಎಂದರೆ ಅಷ್ಟನ್ನೇ ಮುಚ್ಚಿ, ಅದೂ ಎರಡು ವರ್ಷ. ವಾದ ಬಹಳ ಹೊತ್ತು ನಡೆಯಿತು. ಅವರ ಮಾತಿನಲ್ಲೂ ಹುರುಳಿತ್ತು, ಕಾಯುವವರು ಯಾರು ಎನ್ನುವುದು ಹಾಗೇ ಉಳಿಯಿತು. ಕೊನೆಗೆ, ನೋಡೋಣ, ಎರಡು ವರ್ಷ ಹೀಗೆ ಮಾಡಿ ಎಂದರು.

ಆಗ ಅಕ್ಕ ಗೋಡೆ ಹಿಡಿದುಕೊಂಡು ಎದ್ದಳು. "ಮೇಲೆ ತೆಗ್ದಿದೀರ ಸಾರ್, ಸಂತೋಷ. ನನ್ನ ಕಾಲಿಗೆ ಮೇಲೆ ಅನ್ನೋದಿಲ್ಲ." ಅಷ್ಟೇ ಹೇಳಿದಳು.   ಪಕ್ಕದ ಹೆಂಗಸೊಬ್ಬಳು, "ನಾವು ಮೇಲಿಂದ ಹೊತ್ತು ತಂದು ಹಾಕ್ತೀವಿ ಬಿಡಕ್ಕ, ನೀನು ಸೀಳಿ ಕಟ್ಟು, ಹಂಚ್ಕೊಳಣ" ಎಂದಳು. ಅಕ್ಕ ಸೆರಗು ಕೊಡವಿ ಹೊರಟು ಹೋದಳು.

ಮುಂದಿನ ಸುಗ್ಗಿಯಲ್ಲಿ ನಾನು ಒಬ್ಬಳೇ ಗುಡ್ಡಕ್ಕೆ ಹೋದೆ. ಕೆಳಗಿನ ಇಳಿಜಾರಿನ ಬಂಡೆಯ ಮೇಲೆ ಅಕ್ಕ ಕೂತಿದ್ದಳು, ಮುಂದೆ ಮೇಲಿನಿಂದ ಬಂದ ಗರಿಯ ಹೊರೆ, ಪಕ್ಕದಲ್ಲಿ ಕೋಲು. ನನ್ನನ್ನು ನೋಡಿಯೂ ನೋಡದ ಹಾಗೆ ಸೀಳುತ್ತಿದ್ದಳು. ಅಷ್ಟರಲ್ಲಿ ಬೇರೆ ಕೇರಿಯವಳೊಬ್ಬಳು ಕತ್ತಿ ಹಿಡಿದು ಕೆಳಗಿನ ಈಚಲಿನ ಕಡೆ ತಿರುಗಿದಳು. ಅಕ್ಕ ಕೋಲೆತ್ತಿ ಗುಡುಗಿದಳು. "ಏಯ್! ಹತ್ತು ಮೇಲೆ! ನನಗಿಲ್ಲದ್ದು ಇಲ್ಲಿ ಯಾರಿಗೂ ಇಲ್ಲ!" ಅವಳು ಗೊಣಗಿಕೊಂಡು ಮೇಲೆ ಹತ್ತಿದಳು.

ನಾನು ಬುಡಗಳನ್ನು ನೋಡುತ್ತಾ ಹೋದೆ. ಮೊದಲ ಕೆಲವು ಸತ್ತೇ ಹೋಗಿದ್ದವು. ಅಕ್ಕ ಯಾವಾಗ ಎದ್ದು ಬಂದಳೋ, ಹಿಂದೆ ನಿಂತಿದ್ದಳು. "ಜೀವ ಇಲ್ವಾ?" ಎಂದಳು. ಇಲ್ಲ ಎಂದೆ. ಇನ್ನಷ್ಟು ಮುಂದೆ, ಗರಿ ಗಿಡ್ಡವಾಗಿದ್ದ ಒಂದರ ಬುಡದಲ್ಲಿ ಕಿರುಬೆರಳಿನಷ್ಟು ಹಸಿರು ಕಂದು ಎದ್ದಿತ್ತು. ತೋರಿಸಿದೆ. ಅವಳು ಕೋಲೂರಿ, ನರಳಿಕೊಂಡು, ಕೂತು ನೋಡಿದಳು.

"ಇದು ಕೊಯ್ಯೋವಷ್ಟು ಆಗೋಕೆ?"

"ಹಳೇ ಬುಡ ಬೇಗ ಗರಿ ಕೊಡುತ್ತೆ ಅಕ್ಕ. ಈ ಕಂದಿಗೆ ನಾಲ್ಕೈದು ವರ್ಷ ಬೇಕೋ ಏನೋ. ಖಂಡಿತ ಗೊತ್ತಿಲ್ಲ."

"ನಾಲ್ಕೈದು ವರ್ಷ," ಎಂದಳು. ತನ್ನ ಮೊಣಕಾಲನ್ನು ಒಮ್ಮೆ ಒತ್ತಿಕೊಂಡಳು. "ನಿಮ್ಮ ಮೇಲೆ ಸಿಟ್ಟು ಹೋಗಿದೆ ಅಂತ ಅಂದ್ಕೋಬೇಡಿ."

"ಇಲ್ಲ ಅಕ್ಕ."

ಅತ್ತಿತ್ತ ನೋಡಿದಳು. ಕೈಗೆಟುಕುವಷ್ಟು ದೂರದಲ್ಲಿ ಒಣಗಿದ ಕಾರೆಮುಳ್ಳಿನ ಕೊಂಬೆ ಬಿದ್ದಿತ್ತು. ಕೋಲಿನಿಂದ ಅದನ್ನು ಎಳೆದು, ಆ ಕಂದಿನ ಮೇಲೆ ಮುಚ್ಚುವ ಹಾಗೆ ಇಟ್ಟು, ಅಲುಗದಂತೆ ಎರಡು ಕಲ್ಲು ಹೇರಿದಳು. ಬೆರಳಿಗೆ ಚುಚ್ಚಿದ ಮುಳ್ಳನ್ನು ಕಿತ್ತು ಬಿಸಾಕಿ ಹೇಳಿದಳು:

"ಮೇಕೆ ತಿಂದ್ರೂ ನನ್ನ ಹೆಸರೇ ಬರೀತೀರಿ ನೀವು."